ಅಣ್ಣನ ಹೆಸರಿನ ದೇಣಿಗೆ

ಆಗಸ್ಟ್ 4, ಸೋಮವಾರ

ಕಾಲೇಜಿಗೆ ದೇಣಿಗೆ ಕೇಳಿ ಬೆಳಗಿನಿಂದ ಫೋನು. ಅರ್ಧಕ್ಕರ್ಧ ಜನ ಎತ್ತಲಿಲ್ಲ. ಎತ್ತಿದವರಲ್ಲಿ ಇಬ್ಬರು ನನ್ನನ್ನು ಸಾಲ ವಸೂಲಿಯವನೆಂದು ತಿಳಿದು ಕಟ್ ಮಾಡಿದರು. ಹಳೆಯ ವಿದ್ಯಾರ್ಥಿನಿಯೊಬ್ಬರು ತಮ್ಮನ್ನು ವಾಲಿಬಾಲ್ ತಂಡದಿಂದ ಕೈಬಿಟ್ಟ ಕಥೆ ಪೂರ್ತಿ ಹೇಳಿ, ಬೈದು, ಕೊನೆಗೆ ದುಡ್ಡು ಕಳಿಸಿದರು. ಬೈದವರೇ ಕೊಡುತ್ತಾರೆ. ಈ ಕೆಲಸದಲ್ಲಿ ಕಲಿತದ್ದು ಇಷ್ಟು.

ಇದೆಲ್ಲ ಟೈಲ್ಸ್ ಕಾರ್ಖಾನೆಯ ಯಜಮಾನರ ದಯೆ. ಕಾಲೇಜಿನ ಕ್ರೀಡಾ ವಿಭಾಗವನ್ನು ಇಷ್ಟು ವರ್ಷ ಸಾಕಿದವರು ಅವರೊಬ್ಬರೇ. ಶೂ, ಬಸ್ಸು, ಜಾವೆಲಿನ್... ಈಗ ಷರತ್ತು ಹಾಕಿದ್ದಾರೆ. "ನಾಳೆ ನಾನು ಕಣ್ಮುಚ್ಚಿದ್ರೆ ನಿಮ್ಮ ಮಕ್ಕಳು ಬರಿಗಾಲಲ್ಲಿ ಓಡ್ತಾರಾ? ಆರುನೂರು ಜನ ಕೊಡ್ಲಿ. ಒಂದು ಕಾಫಿ ದುಡ್ಡು ಕೊಟ್ರೂ ಸರಿ. ನಂಗೆ ಮೊತ್ತ ಬೇಡ, ತಲೆ ಬೇಕು. ಆಮೇಲೆ ಹೊಸ ಟ್ರ್ಯಾಕ್ ಹಾಕ್ಸೋ ಭಾರ ನಂದು."

ಗಡುವು ತಿಂಗಳ ಕೊನೆ. ಪ್ರಿನ್ಸಿಪಾಲರು ಎಲ್ಲವನ್ನೂ ನನ್ನ ಹೆಗಲಿಗೆ ದಾಟಿಸಿದ್ದಾರೆ. ದೇಣಿಗೆ ಅಧಿಕಾರಿ. ಹುದ್ದೆಯ ಹೆಸರು ದೊಡ್ಡದು, ಕೋಣೆ ಮಾತ್ರ ಹಳೆಯ ಮ್ಯಾಟ್ ಪೇರಿಸಿಡುತ್ತಿದ್ದ ಗೋದಾಮು. ಬೆವರಿನ, ನೋವಿನೆಣ್ಣೆಯ ವಾಸನೆ ಶರ್ಟಿಗೂ ಹತ್ತಿದೆ. "ನೀವು ಅಲ್ಲಿ ಫೋನ್ ಮಾಡ್ತೀರೋ ಕುಸ್ತಿ ಆಡ್ತೀರೋ?" ಹೆಂಡತಿಯ ಪ್ರಶ್ನೆ.

ಕೊಟ್ಟವರಿಗೆಲ್ಲ ನಮ್ಮ ಆಟಗಾರರೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಬೇಕು — ಈ ಯೋಚನೆ ನನ್ನದು. ಎಲ್ಲರೂ ಮೆಚ್ಚಿದರು. ನಾನೂ ಮೆಚ್ಚಿಕೊಂಡೆ.

ಆಗಸ್ಟ್ 29, ಶುಕ್ರವಾರ

ಇನ್ನೂ ಮೂವತ್ತೆಂಟು ತಲೆ ಕಡಿಮೆ. ಫೋನ್ ಮಾಡಲು ಯಾರೂ ಉಳಿದಿಲ್ಲ. ಕಿಟಕಿಯಾಚೆ ಟ್ರ್ಯಾಕಿನಲ್ಲಿ ನೀರು ನಿಂತಿದೆ. ಹರ್ಡಲ್ಸ್ ಓಡುವ ಹುಡುಗಿ ಮೊನ್ನೆ ಅಲ್ಲೇ ಜಾರಿ ಪಾದ ಉಳುಕಿಸಿಕೊಂಡಿದ್ದಾಳೆ. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು, "ಹೇಗಾದ್ರೂ ಮಾಡಿ ಮುಗ್ಸಿ" ಎಂದರು. ಹೇಗಾದರೂ ಎಂದರೆ ಹೇಗೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಗಸ್ಟ್ 30, ಮಧ್ಯಾಹ್ನ

ಮಾಡಿದೆ.

ಆಫೀಸಿನಲ್ಲಿ ಯಾರೂ ಇರಲಿಲ್ಲ. ಮೊಬೈಲ್ ತೆಗೆದು ಮೇಲಿನಿಂದ ಹೆಸರು, ನಂಬರುಗಳನ್ನು ದೇಣಿಗೆ ಪಟ್ಟಿಗೆ ಇಳಿಸುತ್ತ ಹೋದೆ. ಮೊದಲು ಅಣ್ಣ. ಆಮೇಲೆ ಅತ್ತಿಗೆ, ಕ್ಷೌರದವನು, ದಂತವೈದ್ಯರು, ನಲ್ಲಿ ರಿಪೇರಿಯವನು, ಹೆಂಡತಿಯ ಚಿಕ್ಕಮ್ಮಂದಿರು... ತಲೆಗೊಂದು ಕಾಫಿಯ ದುಡ್ಡು, ನನ್ನ ಜೇಬಿನಿಂದ. ಎಲ್ಲ ಸೇರಿಸಿದರೂ ಒಂದು ಜೊತೆ ಒಳ್ಳೆ ಶೂ ಬರುವುದಿಲ್ಲ. ಇವರಿಗೆ ಥ್ಯಾಂಕ್ಸ್ ಫೋನ್ ಹೋಗದಂತೆ 'ಕರೆ ಬೇಡ' ಎಂದು ಗುರುತು ಹಾಕಿದೆ. ಯಾರಿಗೂ ನಷ್ಟವಿಲ್ಲ, ಯಾರಿಂದಲೂ ಕಸಿದಿಲ್ಲ. ಹಾಗಿದ್ದರೆ ಬಾಗಿಲ ಚಿಲಕ ಏಕೆ ಹಾಕಿಕೊಂಡೆ?

ಸೆಪ್ಟೆಂಬರ್ 1

ಸ್ಟಾಫ್ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ನನ್ನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಹರ್ಡಲ್ಸ್ ಹುಡುಗಿ ಕಾಲಿಗೆ ಪಟ್ಟಿ ಕಟ್ಟಿಕೊಂಡೇ ಬಂದು, "ಸರ್, ಹೊಸ ಟ್ರ್ಯಾಕ್ ನಿಜವಾಗ್ಲೂ ಬರುತ್ತಾ?" ಎಂದಳು. ತಲೆಯಾಡಿಸಿದೆ. ಊಟದ ಡಬ್ಬಿ ಹಾಗೆಯೇ ಮನೆಗೆ ವಾಪಸ್ ಬಂತು.

ಸೆಪ್ಟೆಂಬರ್ 9, ಮಂಗಳವಾರ

ಅಣ್ಣನ ಫೋನ್. ತಾನಾಗಿ ಫೋನ್ ಮಾಡುವವನಲ್ಲ.

"ನಿಮ್ಮ ಕಾಲೇಜಿನ ಹುಡುಗಿ ಮಾತಾಡಿದ್ಲು ಕಣೋ. ಹರ್ಡಲ್ಸ್ ಅಂತೆ! ದೇಣಿಗೆ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಸರ್ ಅಂದ್ಲು. ನಾನೆಲ್ಲಮ್ಮ ಕೊಟ್ಟೆ ಅಂದೆ. ನಿಮ್ಮ ಹೆಸರೇ ಇದೆ ಸರ್ ಅಂದ್ಲು..."

ಮೊದಲು ಬರೆದ ಹೆಸರು ಅವನದು. ಗುರುತು ಹಾಕುವ ಉಪಾಯ ಹೊಳೆದದ್ದು ಆಮೇಲೆ. ಅವನೊಬ್ಬನಿಗೆ ಹಾಕಿಲ್ಲ.

"ಆಮೇಲೆ ತಿಳೀತು ಬಿಡು. ನೀನೇ ಕೊಟ್ಟಿದ್ದೀಯ. ನನ್ನ ಹೆಸರಲ್ಲಿ."

ಅವನು ಗಂಟಲು ಸರಿಮಾಡಿಕೊಂಡ. "ಇಷ್ಟು ವರ್ಷ ನಗಾಡಿದ್ದಕ್ಕೆ ಇದು ಅಂತ ಗೊತ್ತಾಯ್ತು. ಬಾಯಿಬಿಟ್ಟು ಹೇಳೋ ಜಾಯಮಾನ ನಿಂದಲ್ಲ. ಸಾಕು ಕಣೋ. ಬಾಳ ಆಯ್ತು."

ಇಲ್ಲಾದರೂ ಬರೆಯಬೇಕು. ಅಣ್ಣ ಇದೇ ಕಾಲೇಜಿನಲ್ಲಿ ಹರ್ಡಲ್ಸ್ ಓಡುತ್ತಿದ್ದ. ಫೈನಲ್‌ನಲ್ಲಿ ಮೊದಲ ಹರ್ಡಲ್‌ಗೇ ಬಿದ್ದ. ಎದ್ದು ಎರಡನೆಯದಕ್ಕೂ ಬಿದ್ದ. ಮೂರನೆಯದನ್ನು ಪಕ್ಕದಿಂದ ದಾಟಿ ಓಡಿದ. ಇಡೀ ಮೈದಾನ ನಕ್ಕಿತು. ಮತ್ತೆ ಕಾಲೇಜಿಗೆ ಹೋಗಲಿಲ್ಲ. ಈಗ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾನೆ. ಆ ಓಟವನ್ನು ನಟಿಸಿ ತೋರಿಸುವುದು ಮನೆಯಲ್ಲಿ ನನ್ನ ಐಟಂ. ಮದುವೆ, ಹುಟ್ಟುಹಬ್ಬ, ನಾಲ್ಕು ಜನ ಸೇರಿದರೆ ಸಾಕು, "ಏ, ಅಣ್ಣನ ಓಟ ಮಾಡೋ!" ಅವನೂ ನಗುತ್ತಿದ್ದ. ಎಲ್ಲರಿಗಿಂತ ಮೊದಲೇ ನಗಲು ಶುರು ಮಾಡುತ್ತಿದ್ದ ಎಂಬುದು ಇವತ್ತು ಹೊಳೆಯಿತು.

ಕ್ಷಮೆ ಕೇಳಬೇಕೆಂದು ನನಗೆ ಒಮ್ಮೆಯೂ ಅನಿಸಿರಲಿಲ್ಲ. ಈಗ ಕೇಳದೆಯೇ ಸಿಕ್ಕಿಬಿಟ್ಟಿದೆ.

ಸೆಪ್ಟೆಂಬರ್ 21, ಭಾನುವಾರ

ಅಣ್ಣ ಮೈದಾನಕ್ಕೆ ಬರತೊಡಗಿದ್ದಾನೆ. ಮೊದಲೆರಡು ದಿನ ಬೇಲಿಯಾಚೆ ನಿಂತಿದ್ದನಂತೆ. ಇವತ್ತು ಒಳಗಿದ್ದ, ಇಸ್ತ್ರಿ ಮಾಡಿದ ಶರ್ಟಿನಲ್ಲಿ. "ಹರ್ಡಲ್ ನೋಡ್ಬೇಡಮ್ಮ, ಅದರಾಚೆ ರೋಡ್ ನೋಡು. ಗುಂಡಿ ನೋಡ್ತಾ ಓಡ್ಸಿದ್ರೆ ಗಾಡಿ ಗುಂಡೀಗೇ ಹೋಗೋದು!" ಹುಡುಗಿ ಬಿದ್ದು ಬಿದ್ದು ನಗುತ್ತಿದ್ದಳು.

ಅತ್ತಿಗೆ ಫೋನಿನಲ್ಲಿ: "ಕಾರು ಕಲಿಯೋಕ್ ಬರೋರಿಗೆಲ್ಲ ಅದೇ ಪುರಾಣ ಕಣಪ್ಪ. ನನ್ನ ತಮ್ಮ ನನ್ನ ಹೆಸರಲ್ಲಿ ಕೊಟ್ಟ, ನನ್ನ ತಮ್ಮ ನನ್ನ ಹೆಸರಲ್ಲಿ ಕೊಟ್ಟ... ಮೊನ್ನೆ ಒಬ್ಳು ಕೇಳ್ತಾ ಕೇಳ್ತಾ ಹೋಗಿ ಕಂಬಕ್ಕೆ ಗುದ್ದಿದ್ಲಂತೆ."

ನಕ್ಕೆ. ನಗು ಮುಗಿದ ಮೇಲೂ ಫೋನನ್ನು ಕಿವಿಯಲ್ಲೇ ಹಿಡಿದಿದ್ದೆ.

ಸೆಪ್ಟೆಂಬರ್ 24

ಯಜಮಾನರ ಕಡೆಯ ಆಡಿಟರ್ ಬಂದಿದ್ದರು. ಮೆಲುಮಾತಿನ ಹೆಂಗಸು. "ಸುಮ್ನೆ ಒಂದು ಹತ್ತು ಜನಕ್ಕೆ ಫೋನ್ ಮಾಡಿ ಕೇಳ್ತೀನಿ, ನೀವೇ ಕೊಟ್ರಾ ಅಂತ. ಫಾರ್ಮಾಲಿಟಿ ಅಷ್ಟೇ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕಾಲರ್ ಸರಿಮಾಡಿಕೊಂಡೆ.

ಅವರು ಗುರುತು ಹಾಕಿದ ಹತ್ತು ಹೆಸರು ಮೇಜಿನ ಈ ಕಡೆಯಿಂದಲೇ ಕಂಡವು. ಒಂಬತ್ತು ಅಸಲಿ. ಒಂದು ಅಣ್ಣ.

"ಹೌದು, ನಾನೇ ಕೊಟ್ಟೆ" ಎಂದು ಅವನು ಒಂದು ಮಾತು ಹೇಳಿದರೆ ಟ್ರ್ಯಾಕ್ ಬರುತ್ತದೆ, ನನ್ನ ಕೆಲಸ ಉಳಿಯುತ್ತದೆ. ಆದರೆ ಹೇಳು ಎಂದು ಯಾವ ಬಾಯಲ್ಲಿ ಕೇಳಲಿ? ಏಕೆ ಎನ್ನುತ್ತಾನೆ. ಲೆಕ್ಕ ತುಂಬಿಸಲು ನಿನ್ನ ಹೆಸರು ಹಾಕಿದ್ದೆ ಎನ್ನಬೇಕು. ಕೊಟ್ಟದ್ದನ್ನು ಕಿತ್ತುಕೊಳ್ಳಬೇಕು. ಕೊಟ್ಟೇ ಇಲ್ಲದ್ದನ್ನು.

ಸೆಪ್ಟೆಂಬರ್ 26, ಶುಕ್ರವಾರ ಸಂಜೆ

ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಅಣ್ಣ ಕುರ್ಚಿ ಎಳೆದು ಕೂರಿಸಿದ. ಅತ್ತಿಗೆ ಚಹಾ ತಂದರು. ಹವಾಮಾನ ಆಯಿತು, ಪೆಟ್ರೋಲ್ ರೇಟ್ ಆಯಿತು, ಅವನ ಮೊಣಕಾಲು ನೋವಾಯಿತು. "ಅಣ್ಣ, ಒಂದು ವಿಷಯ..." ಎಂದೆ. ಅವನ ಫೋನ್ ಬಡಿದುಕೊಂಡಿತು.

"ಹಾಂ, ನಾನೇ ಮಾತಾಡ್ತಿರೋದು... ಇಲ್ಲಮ್ಮ, ನಾನು ಕೊಟ್ಟಿದ್ದಲ್ಲ. ನನ್ನ ತಮ್ಮ. ನಂಗೂ ಹೇಳ್ದೆ, ನನ್ನ ಹೆಸರಲ್ಲಿ ಕೊಟ್ಬಿಟ್ಟ. ಹೂಂ, ಅಲ್ಲೇ ಕೆಲಸ ಮಾಡ್ತಾನಲ್ಲ, ಅವನೇ. ಬರ್ಕೊಳ್ಳಿ ಬರ್ಕೊಳ್ಳಿ. ಇಂಥವ್ರೂ ಇರ್ತಾರೆ ಅಂತ ನಿಮ್ಮ ಯಜಮಾನ್ರಿಗೂ ಗೊತ್ತಾಗ್ಲಿ."

ಮಾತಾಡುತ್ತಿದ್ದಷ್ಟು ಹೊತ್ತೂ ನನ್ನ ಹೆಗಲ ಮೇಲೆ ಕೈ ಇಟ್ಟಿದ್ದ. ಚಹಾ ಕುಡಿದು ಬಂದೆ.

ಸೆಪ್ಟೆಂಬರ್ 27

ಅಣ್ಣನ ಮಾತು ಕೇಳಿದ ಆಡಿಟರ್ ಹತ್ತಕ್ಕೆ ನಿಲ್ಲಲಿಲ್ಲ. ಕಾಫಿ ದುಡ್ಡು ಕೊಟ್ಟವರಿಗೆಲ್ಲ ಫೋನ್ ಹಚ್ಚಿದರು. ದಂತವೈದ್ಯರು "ಯಾವ ಕಾಲೇಜು?" ಎಂದರಂತೆ. ನಲ್ಲಿಯವನು "ಯಾವ ಬಾತ್‌ರೂಮು?" ಎಂದನಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನನ್ನದು ಕಾಫಿಗೆ ಹೋಯಿತು.

ಅಕ್ಟೋಬರ್ 6, ಸೋಮವಾರ

ಕಮಿಟಿ. ಉದ್ದನೆ ಮೇಜು. ಒಪ್ಪಿಕೊಳ್ಳುತ್ತೇನೆ, ಎಲ್ಲ ಹೇಳಿ ಹಗುರಾಗುತ್ತೇನೆ ಎಂದು ಹೋಗಿದ್ದೆ.

"ಒಟ್ಟು ಎಷ್ಟು ಸುಳ್ಳು ಹೆಸರು?" ಯಜಮಾನರು.

"ಮೂವತ್ತೇಳು."

ಪ್ರಿನ್ಸಿಪಾಲರು ಹಾಳೆ ತಿರುವಿದರು. "ಇಲ್ಲಿ ಮೂವತ್ತೆಂಟಿದೆ."

"ಒಂದು ನಿಜ ಸರ್. ನಮ್ಮಣ್ಣನದು. ಅವನಿಗೋಸ್ಕರ ಕೊಟ್ಟಿದ್ದು."

ತಪ್ಪೊಪ್ಪಿಗೆಯ ನಡುವೆಯೂ ಸುಳ್ಳು ಹೇಳಿದೆ. ಯಜಮಾನರು ನನ್ನನ್ನು ನೋಡಿ, "ಅಣ್ಣನ್ನ ನೆನೆಸ್ಕೊಂಡಿದ್ದೀಯಲ್ಲ. ಪೂರ್ತಿ ಕೆಟ್ಟೋನಲ್ಲ" ಎಂದರು. ಕೆಲಸದಿಂದ ತೆಗೆಯಲಿಲ್ಲ. ಮಾರ್ಚ್‌ವರೆಗೆ ಗಡುವು ಕೊಟ್ಟರು. ಮನೆ ಮನೆಗೆ ಹೋಗಿ ಮೂವತ್ತೇಳು ನಿಜವಾದ ತಲೆ ತರಬೇಕು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಕ್ಟೋಬರ್ 7

ಅಣ್ಣ ಬಂದ. ಸುದ್ದಿ ಅವನಿಗೂ ತಲುಪಿದೆ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿದ, "ನಂದೂ ಆ ಪೈಕೀನಾ?"

"ಛೇ, ಇಲ್ಲಣ್ಣ."

ಉಸಿರು ಬಿಟ್ಟ. "ಗೊತ್ತಿತ್ತು. ನಿಮ್ಮತ್ತಿಗೆ ಕೇಳ್ಕೊಂಡ್ ಬನ್ನಿ ಅಂದ್ಲು, ಅದಕ್ಕೆ." ಒಳಗೆ ಬಂದು ಕೂತ. "ಮೂವತ್ತೇಳು ತಾನೆ? ನಾನೂ ಬರ್ತೀನಿ. ಕಾರ್ ಇದೆ, ಪರಿಚಯದೋರಿದ್ದಾರೆ. ತಲೆ ತಗ್ಸಿ ಕೂರ್ಬೇಡ ನೀನು."

ಒಳಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳಿಗೆ ಗೊತ್ತು. ತಿರುಗಿ ಒಳಗೆ ಹೋದಳು.

ಅಕ್ಟೋಬರ್ 12, ಭಾನುವಾರ ಬೆಳಿಗ್ಗೆ

ನಿನ್ನೆ ಮೂರು ಮನೆ. ಪ್ರತಿ ಮನೆಯಲ್ಲೂ ಅಣ್ಣನೇ ಮಾತು ಶುರು ಮಾಡುತ್ತಾನೆ. ತಾನು ಬಿದ್ದ ಕಥೆ, ಇಡೀ ಮೈದಾನ ನಕ್ಕ ಕಥೆ. ನಾನು ನಟಿಸುತ್ತಿದ್ದುದನ್ನು ಮಾತ್ರ ಹೇಳುವುದಿಲ್ಲ. ಕೊನೆಗೆ, "ನೋಡಿ, ಇವನೇ ನನ್ನ ತಮ್ಮ." ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ನಾನು ನೆಲದ ಟೈಲ್ಸ್ ನೋಡುತ್ತೇನೆ. ಸಂಕೋಚದ ಮನುಷ್ಯ ಎಂದುಕೊಳ್ಳುತ್ತಾರೆ.

ಮೂರನೆಯ ಮನೆಯ ಅಜ್ಜಿ ಕಣ್ಣೊರೆಸಿಕೊಂಡರು. ತೀರಿಹೋದ ತಂಗಿಯ ಹೆಸರಲ್ಲಿ ಬರೆದುಕೊಳ್ಳಿ ಎಂದರು. "ಅವಳ ಮೇಲೆ ಸುಮ್ಸುಮ್ನೆ ಸಿಡುಕ್ತಿದ್ದೆ ಕಣಪ್ಪ. ಇದು ನಂಗೆ ಹೊಳೆದೇ ಇರ್ಲಿಲ್ಲ, ನಿನ್ನ ನೋಡಿ ಹೊಳೀತು." ರಸೀದಿ ಬರೆದೆ. ಅಕ್ಷರ ಸೊಟ್ಟಗಾಯಿತು.

ಇನ್ನು ಆಗುವುದಿಲ್ಲ. ಇವತ್ತು ಕಾರು ಹತ್ತುವ ಮೊದಲೇ ಹೇಳಬೇಕು. ಎದುರಿಗೆ ನಿಂತರೆ ನಾಲಿಗೆ ಏಳುವುದಿಲ್ಲ, ಅದಕ್ಕೇ ಇಲ್ಲಿ ಬರೆದು ನೋಡುತ್ತಿದ್ದೇನೆ. ಓದಿಯಾದರೂ ಹೇಳಬಹುದು.

ಅಣ್ಣ, ನಿನ್ನ ಹತ್ತಿರ ಒಂದು ಮಾತು. ಅವತ್ತು ನೀನು ಬಾಗಿಲಲ್ಲಿ ನಿಂತು ಕೇಳಿದೆಯಲ್ಲ...

ಹಾರ್ನ್ ಹೊಡೆದ. ಬಂದಿದ್ದಾನೆ. "ಬಾರೋ, ಹೊತ್ತಾಯ್ತು!" ಎಂದು ಕೂಗುತ್ತಿದ್ದಾನೆ. ಒಂದೇ ಸಾಲು ಬರೆದು ಹೋಗುತ್ತೇನೆ.

ಅಣ್ಣ, ನಿನ್ನದೂ