ಪೂರ್ವಾರ್ಧ ಓದಿದವಳ ಅಭಿಪ್ರಾಯ

ಸೋಮವಾರ, ೧೨ನೇ ತಾರೀಖು
ಕನ್ನಡಕದ ಅಂಗಡಿ, ಊಟದ ಬಿಡುವು

ಪ್ರೀತಿಯ ಗೋಂದಪ್ಪನವರಿಗೆ,

ನಿಮ್ಮ ಕಾಗದ ಬಂದು ಮೂರು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಕೆಲಸ ಜಾಸ್ತಿ ಅಂತಲೋ ಕೈನೋವು ಅಂತಲೋ ಬರೆಯಬಹುದಿತ್ತು. ಕೆಲಸ ಎಂದಿನಷ್ಟೇ ಇದೆ, ಕೈಗೂ ಏನೂ ಆಗಿಲ್ಲ. ಏಳು ಸಲ ಶುರುಮಾಡಿ ಏಳು ಸಲವೂ ಹರಿದೆ. ‘ನಾನು ಕ್ಷೇಮ’ ಎಂದು ಬರೆಯುವ ಜಾಗ ಬಂದಾಗಲೆಲ್ಲ ಪೆನ್ನು ನಿಲ್ಲುತ್ತಿತ್ತು. ಈ ಸಲ ಆ ಜಾಗವನ್ನೇ ಹಾರಿಸಿದ್ದೇನೆ. ನೀವು ಹೇಗಿದ್ದೀರಿ? ನೀವು ಈಗಿರುವ ಪ್ರೆಸ್ಸಿನ ಮಹಡಿಯ ಕೋಣೆಗೆ ಬೆಳಕು ಬರುತ್ತದೆಯೇ? ನಾಲ್ಕು ಮನೆ ಬದಲಾಯಿಸಿದರೂ ನೀವು ಬೆಳಕು ನೋಡಿ ಮನೆ ಹಿಡಿದವರಲ್ಲ. ಅದನ್ನು ನಾನೇ ನೋಡುತ್ತಿದ್ದೆ.

ಗುರುವಾರ ಹತ್ತೂವರೆಗೆ ನಮ್ಮ ಡೈವೋರ್ಸಿನ ಕೋರ್ಟು. ಅದಕ್ಕೆ ಮೊದಲು ನಿಮಗೆ ಒಂದು ಮಾತು ಹೇಳಬೇಕು. ಹೇಳಿದರೆ ನೀವು ಮತ್ತೆಂದೂ ನನಗೆ ಕಾಗದ ಬರೆಯದೆ ಇರಬಹುದು. ಹೇಳದಿದ್ದರೆ ಜಡ್ಜರ ಮುಂದೆ ನಿಂತು, ನನ್ನ ಬಗ್ಗೆ ನೀವು ಬರೆಸಿರುವ ಆ ಒಂದು ವಾಕ್ಯವನ್ನು ಕೇಳಿಸಿಕೊಳ್ಳಬೇಕು. ಎರಡಕ್ಕೂ ನನ್ನಲ್ಲಿ ಧೈರ್ಯ ಸಾಲದು. ಹಾಗಾಗಿ ಮೊದಲು ನೀವು ಕೇಳಿದ ಸುಲಭದ ಪ್ರಶ್ನೆಗೆ ಉತ್ತರ ಬರೆಯುತ್ತೇನೆ.

‘ಆ ಪುಸ್ತಕಗಳು ಹೇಗನಿಸಿದವು, ಪ್ರಾಸಮ್ಮ?’ ಎಂದು, ಪ್ರಾಸ ಕಟ್ಟುವ ನನಗೆ ನೀವಿಟ್ಟ ಹೆಸರಿನಿಂದಲೇ ಕೇಳಿದ್ದೀರಿ. ಹೇಗನ್ನಿಸಬೇಕು? ಹದಿನೆಂಟು ವರ್ಷ ನೀವು ನಡೆಸಿಕೊಂಡು ಬಂದ ಪದ್ಧತಿ ಅದು. ಹೊಸ ಕಾದಂಬರಿ ಮನೆಗೆ ಬಂದ ದಿನವೇ ಬೆನ್ನಿಗೆ ಚಾಕು ಹಾಕಿ ಎರಡು ತುಂಡು ಮಾಡುವುದು. ಮೊದಲರ್ಧ ಮುಗಿಸಿ ನನಗೆ ಕೊಟ್ಟು ನೀವು ಮುಂದಕ್ಕೆ ಹೋಗುವುದು. ಇಬ್ಬರದೂ ಓದಾದ ಮೇಲೆ ಹೊಸ ರಟ್ಟು ಹಾಕಿ ಒಂದು ಮಾಡುವುದು. ಪುಸ್ತಕ ಕಟ್ಟುವವನ ಮನೆಯಲ್ಲಿ ಕಾಯುವ ತಾಳ್ಮೆಯೊಂದು ಬಿಟ್ಟು ಎಲ್ಲಾ ಇತ್ತು. ಹೊರಡುವ ಹಿಂದಿನ ಭಾನುವಾರ ತಂದ ಆರನ್ನೂ ಹಾಗೇ ಕೊಯ್ದಿದ್ದಿರಿ. ಆಮೇಲೆ ಅವಸರದಲ್ಲಿ ಮೇಜಿನ ಮೇಲಿದ್ದ ಒಂದು ಅಟ್ಟಿ ಎತ್ತಿಕೊಂಡು ಹೋದಿರಿ. ಆರರ ಉತ್ತರಾರ್ಧವೂ ನಿಮ್ಮಲ್ಲಿ, ಆರರ ಪೂರ್ವಾರ್ಧವೂ ನನ್ನಲ್ಲಿ. ವಕೀಲರು ಕೂಡ ಆಸ್ತಿಯನ್ನು ಇಷ್ಟು ಸರಿಸಮ ಹಂಚಲಾರರು.

ಕೊನೆ ಊಹಿಸಿ ಬರೆದರೆ ಉಳಿದರ್ಧ ಕಳಿಸುತ್ತೇನೆ ಅಂದಿದ್ದೀರಿ. ಇಷ್ಟರಲ್ಲಿ ಓದಿ ಮುಗಿಸಿದ ಮೂರರದ್ದು ಊಹಿಸುತ್ತೇನೆ.

ಇಬ್ಬರು ದರ್ಜಿಗಳ ಕಾದಂಬರಿ ಮೊದಲು ಓದಿದೆ. ಒಬ್ಬ ಇನ್ನೊಬ್ಬನ ಭುಜದ ಅಳತೆ ತೆಗೆಯುವುದೇ ಮೂರು ಪುಟ. ಒಲೆಯ ಮುಂದೆ ನಿಂತು ಓದುತ್ತಿದ್ದೆ, ಹಾಲು ಉಕ್ಕಿ ಹೋಯಿತು. ಅಷ್ಟು ಚೆನ್ನಾಗಿ ಬರೆದಿದ್ದಾನೆ ಪುಣ್ಯಾತ್ಮ. ಆದರೆ ಅವರಲ್ಲೊಬ್ಬನಿಗೆ ಹೆಂಡತಿ ಇದ್ದಾಳೆ. ನಲವತ್ತೊಂದನೇ ಪುಟದಲ್ಲಿ ನೀರಿನ ಲೋಟ ತಂದಿಡುತ್ತಾಳೆ, ನಲವತ್ತನಾಲ್ಕರಲ್ಲಿ ಆ ಲೋಟ ತೆಗೆದುಕೊಂಡು ಹೋಗುತ್ತಾಳೆ. ಲೋಟ ಇಟ್ಟಳು, ಲೋಟ ಎತ್ತಿದಳು, ಬಾಕಿ ಪುಟಗಳಲ್ಲಿ ಎತ್ತ ಹೋದಳು? ಅಂಗಿಗೆ ಎಷ್ಟು ಗುಂಡಿ ಎಂದು ಲೆಕ್ಕವಿಟ್ಟವನಿಗೆ ಅವಳ ಮುಖಕ್ಕೆ ಮೂಗಿತ್ತೋ ಇಲ್ಲವೋ ಗೊತ್ತಿಲ್ಲ. ನನ್ನ ಊಹೆ: ನಿಮ್ಮರ್ಧದಲ್ಲಿ ಅವಳಿಗೆ ಜ್ವರ ಬರುತ್ತದೆ. ಹೆಂಡತಿಯನ್ನು ಎಲ್ಲಿಡಬೇಕೆಂದು ತಿಳಿಯದ ಕಾದಂಬರಿಕಾರರು ಸಾಮಾನ್ಯವಾಗಿ ಜ್ವರ ಬರಿಸುತ್ತಾರೆ.

ಎರಡನೆಯದು ಆ ಬಾಗಿಲಿನ ಊರಿನದು. ನಲವತ್ತು ತುಂಬಿದವರು ಬೀದಿಯ ಕೊನೆಯ ಬಾಗಿಲು ದಾಟಿ, ತಾವು ಬದುಕದೇ ಬಿಟ್ಟ ಬದುಕನ್ನು ಒಂದು ಮಧ್ಯಾಹ್ನದ ಮಟ್ಟಿಗೆ ನೋಡಿ ಬರಬಹುದು. ಮುನಿಸಿಪಾಲಿಟಿಯಿಂದ ಚೀಟಿ ತರಬೇಕು ಅನ್ನುವುದು ನನಗೆ ಬಹಳ ಹಿಡಿಸಿತು. ಎಂಥ ಮಾಯಾಲೋಕವಾದರೂ ಚೀಟಿ ಇಲ್ಲದೆ ಒಳಗೆ ಬಿಡಬಾರದು. ಆ ಕಡೆ ಇಬ್ಬರು ಗಂಡಸರು ಒಂದೇ ಮನೆಯಲ್ಲಿ ಮುದುಕರಾಗಿ, ಒಂದೇ ಕೊಡೆಗೆ ಜಗಳವಾಡುತ್ತಿರುತ್ತಾರೆ. ಓದಿ ಅತ್ತೆ. ಆಮೇಲೆ ಸಿಟ್ಟು ಬಂತು. ಅವರಲ್ಲೊಬ್ಬನಿಗೆ ಈ ಕಡೆ ಇದ್ದ ಹೆಂಡತಿಯ ಕಥೆ ಅಲ್ಲಿ ಏನು ಎಂದು ಹುಡುಕಿದರೆ, ‘ಅವಳೂ ಅಲ್ಲಿ ಸುಖವಾಗಿದ್ದಳು’ ಎಂಬ ಒಂದೇ ಸಾಲು. ಯಾರ ಜೊತೆ? ಯಾವ ಮನೆಯಲ್ಲಿ? ಏನು ಓದಿಕೊಂಡು? ನಲವತ್ತೈದರ ನನಗೂ ಚೀಟಿ ಸಿಗುವ ವಯಸ್ಸೇ. ಆ ಬಾಗಿಲು ದಾಟಿದರೂ ಇದೇ ಅಂಗಡಿಯಲ್ಲಿ ಇದೇ ಸ್ಟೂಲಿನ ಮೇಲೆ, ‘ಮೇಲಿನ ಸಾಲು ಓದಿ ಸರ್’ ಅನ್ನುತ್ತ ಕೂತಿರುತ್ತೇನೇನೋ ಎಂಬ ಭಯ ಹೋಗುತ್ತಿಲ್ಲ.

ಮೂರನೆಯದನ್ನು ಎರಡು ಸಲ ಓದಿದೆ. ಆಕಾಶನೌಕೆಯಲ್ಲಿ ಇಬ್ಬರು ಹೆಂಗಸರು. ಒಬ್ಬಳು ಗಾಳಿಯ ಜಾಲರಿ ತೊಳೆಯುವವಳು, ಇನ್ನೊಬ್ಬಳು ತಂತಿ ಸಂದೇಶ ನೋಡುವವಳು. ಇನ್ನೂರು ಜನರಿರುವ ಆ ನೌಕೆಯಲ್ಲಿ ‘ನೋಡಿದವರು ಏನಂತಾರೆ’ ಎನ್ನುವವರು ಒಬ್ಬರೂ ಇಲ್ಲ. ವಿಜ್ಞಾನದ ಕಾದಂಬರಿಯಲ್ಲಿ ನನಗೆ ನಂಬಲು ಕಷ್ಟವಾದದ್ದು ಅದೊಂದೇ. ಇಬ್ಬರೂ ಜಾಲರಿಯ ಕೊಳೆಗಾಗಿ ಜಗಳವಾಡುತ್ತಾರೆ. ಪ್ರೀತಿಸುವವರ ಜಗಳವನ್ನು ಸರಿಯಾಗಿ ಬರೆಯಬಲ್ಲವರ ಪುಸ್ತಕವನ್ನು ನಾನು ಕಣ್ಣುಮುಚ್ಚಿ ನಂಬುತ್ತೇನೆ. ಆಮೇಲೆ ಒಂದು ದಿನ ಭೂಮಿಯಿಂದ ಜಾಲರಿಯವಳಿಗೆ ಸಂದೇಶ ಬರುತ್ತದೆ, ಹಿಂದಿರುಗಿ ಬಾ ಎಂದು ಹಳೆಯ ಸಂಗಾತಿಯದು. ತಂತಿಯವಳು ಅದನ್ನು ಓದುತ್ತಾಳೆ. ‘ಅವಳು ಆ ಸಂದೇಶವನ್ನು ಅಳಿಸಿದಳು, ಮತ್ತು’ ಎಂಬಲ್ಲಿಗೆ ನಿಮ್ಮ ಚಾಕು ಬಂದಿದೆ.

ಇದರ ಕೊನೆ ಊಹಿಸಲು ನನ್ನಿಂದ ಆಗಲಿಲ್ಲ. ಆ ಇನ್ನೊಬ್ಬಳಿಗೆ ತಿಳಿಯುತ್ತದೆಯೇ? ತಿಳಿದ ಮೇಲೂ ಒಂದೇ ನೌಕೆಯಲ್ಲಿ ಇರುತ್ತಾರೆಯೇ? ನಿಮಗೆ ಗೊತ್ತು. ಹೇಳಬೇಡಿ.

ಹೋದ ವಾರ ನಿಮ್ಮ ಅಕ್ಕ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು ಈ ಪುಸ್ತಕಗಳ ಅಟ್ಟಿ ನೋಡಿದರು.

‘ಇವನ್ನೆಲ್ಲ ಓದಿಯೇ ಅವನು ಹಾಳಾಗಿದ್ದು’ ಅಂದರು.

‘ನಾನೂ ಅವನ್ನೇ ಓದಿದ್ದು ಅಕ್ಕ, ನಾನು ಯಾಕೆ ಹಾಳಾಗಲಿಲ್ಲ?’

‘ನೀನು ಅರ್ಧ ತಾನೇ ಓದೋದು?’

ಹೊರಡುವಾಗ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದುಕೊಂಡರು. ‘ಬೇರೆಯವಳಾಗಿದ್ರೆ ಊರೆಲ್ಲ ಕೂಗಾಡ್ತಿದ್ಲು. ನೀನು ಒಂದು ಮಾತೂ ಆಡ್ಲಿಲ್ಲ. ನೀನು ದೇವರಂಥವಳು ಕಣೇ’ ಅಂದು ಅತ್ತರು. ಎಲ್ಲರೂ ಹಾಗೇ ಅನ್ನುತ್ತಾರೆ. ನಮ್ಮ ಅಂಗಡಿಯ ಯಜಮಾನರು ಕೂಡ ನನ್ನ ಮುಂದೆ ದನಿ ತಗ್ಗಿಸಿ ಮಾತಾಡುತ್ತಾರೆ. ಹೊಗಳುವವರ ನಡುವೆ ಅಳುವುದಕ್ಕೆ ಜಾಗವಿಲ್ಲ, ಗೊತ್ತೇ? ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿ ಅಳುತ್ತೇನೆ. ನೀರು ಪೋಲು, ನಿದ್ದೆ ಪೋಲು.

ಶನಿವಾರ ವಕೀಲಮ್ಮನ ಹತ್ತಿರ ಹೋಗಿದ್ದೆ. ನಿಮ್ಮ ಹೇಳಿಕೆ ಓದಿ ಹೇಳಿದರು. ‘ನನ್ನ ಪತ್ನಿ ನನಗೆ ಎಂದೂ ಯಾವ ಅನ್ಯಾಯವನ್ನೂ ಮಾಡಿರುವುದಿಲ್ಲ.’ ನಾನು ಆ ವಾಕ್ಯ ತೆಗೆಸಿ ಅಂದೆ.

‘ಯಾಕಮ್ಮಾ? ಹೊಗಳಿದ್ದಾರಲ್ಲ. ನನ್ನ ಹತ್ರ ಬರೋ ಹೆಂಗಸರು ಇಂಥ ಒಂದು ಸಾಲು ಸಿಕ್ಕಿದ್ರೆ ಸಾಕು ಅಂತಾರೆ.’

‘ನನಗೆ ಬೇಡ ಮೇಡಂ.’

‘ಅದು ಅವರ ಹೇಳಿಕೆ. ತೆಗೀಬೇಕು ಅಂದ್ರೆ ಅವರೇ ತೆಗೀಬೇಕು. ಒಂದು ಮಾತು ಕೇಳಿ ನೋಡಿ.’

ಅದಕ್ಕೇ ಕೇಳುತ್ತಿದ್ದೇನೆ. ಬೇಡಿಕೊಳ್ಳುತ್ತಿದ್ದೇನೆ ಎಂದೇ ಓದಿಕೊಳ್ಳಿ. ಗುರುವಾರದೊಳಗೆ ಆ ವಾಕ್ಯ ಹೊಡೆದು ಹಾಕಿಸಿ.

ನೀವು ಹೊರಟ ಸಂಜೆ ನನಗೆ ಹೇಳಿದ್ದು ಒಂದಕ್ಷರವೂ ಮರೆತಿಲ್ಲ. ರಟ್ಟು ಕತ್ತರಿಸುವ ಮೇಜಿನ ಆ ಕಡೆ ನೀವು, ಈ ಕಡೆ ನಾನು. ಮೊದಲಿಂದಲೂ ಹೀಗೇ ಇದ್ದೆ, ನಿನಗೆ ಹೇಳದೆ ಮೋಸ ಮಾಡಿದೆ ಅಂದಿರಿ. ಈಗ ಯಾರೂ ಇಲ್ಲ, ಯಾರಿಗಾಗಿಯೂ ಹೋಗುತ್ತಿಲ್ಲ, ಸುಳ್ಳು ಸಾಕಾಗಿದೆ ಅಂದಿರಿ. ಇದ್ದದ್ದು ಒಬ್ಬರೇ, ಹನ್ನೊಂದು ವರ್ಷದ ಹಿಂದೆ, ಬೈಂಡಿಂಗಿಗೆ ಕ್ಯಾಲಿಕೋ ಬಟ್ಟೆ ತಂದು ಕೊಡುತ್ತಿದ್ದ ಅವರು. ‘ಒಂದು ದಿನ ಬರೋದು ನಿಲ್ಲಿಸಿಬಿಟ್ಟ. ಒಂದು ಮಾತೂ ಇಲ್ಲ. ನನ್ನ ಬೆಲೆ ಅಷ್ಟೇ ಅಂತ ಅನ್ನಿಸ್ತೇನೋ ಅವನಿಗೆ’ ಅಂದಿರಿ. ನಾನು ಕತ್ತರಿಯ ಹಿಡಿಗೆ ಅಂಟಿದ್ದ ಗೋಂದು ಕೆರೆಯುತ್ತ ನಿಂತಿದ್ದೆ. ನೀವು ಅದನ್ನು ನನ್ನ ದೊಡ್ಡತನ ಎಂದುಕೊಂಡಿರಿ.

ಗೋಂದು ಕಾಯಿಸುವಾಗ ಕಿಟಕಿ ತೆರೆದಿಡಿ. ಬೆನ್ನು ಬಗ್ಗಿಸಿ ಕೂರಬೇಡಿ. ಸಕ್ಕರೆ ಎರಡು ಚಮಚಕ್ಕೆ ನಿಲ್ಲಿಸಿ. ನಾನು ನಿಮಗೆ ಆಶೀರ್ವಾದ ಮಾಡುವ ಹಾಗಿಲ್ಲ, ಎರಡು ವರ್ಷ ಚಿಕ್ಕವಳು. ಆದರೂ ನಿಮಗೆ ಒಳ್ಳೆಯದಾಗಲಿ. ಯಾರಾದರೂ ನಿಮ್ಮ ಜೊತೆ ಒಂದು ಪುಸ್ತಕವನ್ನು ಇಡಿಯಾಗಿ ಓದಲಿ.

ಇಂತಿ ನಿಮ್ಮ,
ಗುರುವಾರದವರೆಗೆ ಧರ್ಮಪತ್ನಿ, ಆಮೇಲೆ ಏನೋ ಗೊತ್ತಿಲ್ಲ,
ಪ್ರಾಸಮ್ಮ

ಮರೆತ ಮಾತು: ಮರೆತದ್ದಲ್ಲ, ಇಲ್ಲಿಗೆ ಬರುವವರೆಗೆ ಬರೆಯಲಾಗಲಿಲ್ಲ. ಅವರು ನಿಲ್ಲಿಸಲಿಲ್ಲ. ನಾನು ನಿಲ್ಲಿಸಿದೆ.

ಒಂದು ಮಂಗಳವಾರ ನೀವಿಬ್ಬರೂ ಬಟ್ಟೆಯ ತಾನು ಮಡಿಸುತ್ತಿದ್ದಿರಿ, ಆ ತುದಿ ಅವರು, ಈ ತುದಿ ನೀವು. ಮಡಿಸಿ ಮುಗಿದ ಮೇಲೂ ಇಬ್ಬರೂ ಕೈ ಬಿಡಲಿಲ್ಲ. ನೀವು ನಗುತ್ತಿದ್ದಿರಿ. ಮದುವೆಯಾಗಿ ಏಳು ವರ್ಷಕ್ಕೆ ನಾನು ಆ ನಗು ಮೊದಲ ಸಲ ನೋಡಿದ್ದು. ಹೇಸಿಗೆ ಪಟ್ಟೆ ಎಂದು ತಿಳಿಯಬೇಡಿ. ಇವರು ಹೋಗಿಬಿಟ್ಟರೆ ನನ್ನ ಗತಿ ಏನು ಎಂದು ಹೆದರಿದೆ. ಮುಂದಿನ ಮಂಗಳವಾರ ನೀವು ಬೈಂಡ್ ಮಾಡಿದ ಥೀಸಿಸ್‌ಗಳನ್ನು ಕಾಲೇಜಿಗೆ ಕೊಡಲು ಹೋಗಿದ್ದಾಗ ಅವರು ಬಂದರು.

‘ಇನ್ಮೇಲೆ ನೀವು ಬರೋದು ಬೇಡ ಅಂತ ಹೇಳಿದ್ದಾರೆ’ ಅಂದೆ.

‘ಅವನೇ ಹೇಳಿದ್ನಾ?’

‘ಹೌದು. ನಿಮ್ಮ ಮುಖ ನೋಡಿ ಹೇಳೋಕಾಗಲ್ಲ ಅಂದ್ರು.’

ಹಸಿರು ಬಟ್ಟೆಯ ಸುರುಳಿಯನ್ನು ಮೆಟ್ಟಿಲ ಮೇಲಿಟ್ಟರು. ‘ಈ ಬಣ್ಣ ಅವನಿಗಿಷ್ಟ’ ಅಂದು ಹೋದರು. ಯಾರೋ ಹುಡುಗನ ಕೈಲಿ ಕಳಿಸಿದ್ದಾರೆ ಎಂದು ನಿಮಗೆ ಹೇಳಿದೆ. ಎರಡು ತಿಂಗಳು ಮಂಗಳವಾರ ಬಂತೆಂದರೆ ನೀವು ಬಾಗಿಲ ಕಡೆ ನೋಡುತ್ತಿದ್ದಿರಿ. ಮೂರನೆಯ ತಿಂಗಳು ಬಿಟ್ಟಿರಿ. ನಾನು ಗೆದ್ದೆ ಎಂದುಕೊಂಡೆ. ಗೆದ್ದು ತಂದದ್ದು ಹನ್ನೊಂದು ವರ್ಷ ನಗದ ಗಂಡನನ್ನು.

ಮೊನ್ನೆ ಶನಿವಾರ, ವಕೀಲಮ್ಮನ ಮನೆಯಿಂದ ಬರುತ್ತ ಬಟ್ಟೆ ಮಾರಾಟದವರಲ್ಲಿ ವಿಚಾರಿಸಿ ಅವರ ನಂಬರ್ ಪಡೆದು ಫೋನ್ ಮಾಡಿದೆ. ನಾನು ಯಾರೆಂದು ಹೇಳಿದೆ. ‘ಅವರು ಹೇಳಿರಲಿಲ್ಲ, ನಾನೇ ಹೇಳಿದ್ದು’ ಅಂದೆ. ಆ ಕಡೆ ಒಳಗಿನಿಂದ ಒಬ್ಬ ಹೆಂಗಸು, ‘ಯಾರ್ರೀ ಅದು, ತಟ್ಟೆ ಹಾಕಿ ಎಷ್ಟು ಹೊತ್ತಾಯ್ತು’ ಎಂದಳು.

‘ರಾಂಗ್ ನಂಬರ್’ ಅಂದರು ಅವರು. ಇಡಲಿಲ್ಲ. ಬಹಳ ಸಣ್ಣ ದನಿಯಲ್ಲಿ, ‘ಚೆನ್ನಾಗಿದ್ದಾನಾ?’ ಎಂದರು. ನಾನು ಹೇಳುವ ಮೊದಲೇ ಇಟ್ಟರು.

ನಂಬರನ್ನು ಈ ಹಾಳೆಯ ಹಿಂದೆ ಬರೆದು ಹೊಡೆದು ಹಾಕಿ, ಮತ್ತೆ ಬರೆದಿದ್ದೇನೆ. ಒಂದು ಸಲ ನಿಮ್ಮಿಬ್ಬರ ಪರವಾಗಿ ನಾನು ತೀರ್ಮಾನ ಮಾಡಿದ್ದೆ, ಇನ್ನೊಂದು ಸಲ ಮಾಡಲಾರೆ. ಫೋನ್ ಮಾಡುವುದಾದರೆ ಹಗಲು ಮಾಡಿ. ಆ ಹೆಂಗಸು ಎತ್ತಿದರೆ ಮೆಲ್ಲಗೆ ಮಾತಾಡಿ.