ವೀಳ್ಯ ಬಾರದ ಪೈಲ್ವಾನ

ಪೋತ್ನಾಳ, ೧೯೮೦

ಲೇ ಗಡಿಗೆಪ್ಪಾ,

ಮಾನ್ವಿಯ ಕುಸ್ತಿ ಕಣದಲ್ಲಿ ಬೆನ್ನಿಗೆ ಮಣ್ಣು ಹತ್ತಿಸಿಕೊಳ್ಳದ ನೀನು ಮಣ್ಣಾಗಿ ವರ್ಷವಾಯಿತು.

ಇವತ್ತು ಚಹಾದಂಗಡಿಯಲ್ಲಿ ಶಂಶುದ್ದೀನ್ ಪೇಪರ್ ಓದಿದ. ಜಪಾನಿನ ಬಾಕ್ಸರ್ ಒಬ್ಬ ತನ್ನ ದೇಶದಲ್ಲೇ ಮತ್ತೆ ವಿಶ್ವ ಚಾಂಪಿಯನ್ ಪಟ್ಟ ಉಳಿಸಿಕೊಂಡನಂತೆ. ಎರಡೇ ಸಾಲು. ಪಕ್ಕದಲ್ಲಿ ಯಾವನೋ ಸೋತ ಅಮೆರಿಕದವನ ಫೋಟೋ, ಅಂಗೈಯಗಲ.

"ಜಪಾನದವರ ಜಪ ಯಾರ್ ಮಾಡ್ತಾರಲೇ?" ಎಂದೆ. ಎಲ್ಲರೂ ನಕ್ಕರು.

"ಅಂವ ತನ್ನ ಮನ್ಯಾಗ ಗೆದ್ದಾನ ಚಾಚಾ, ಹೊರಗ ಬಂದು ಗೆಲ್ಲಲಿ," ಎಂದ ಶಂಶುದ್ದೀನ್.

ನೀನು ಮಾನ್ವಿ ಬಿಟ್ಟು ಹೊರಗೆ ಗೆದ್ದಿಲ್ಲವೆಂದು ನಿನ್ನ ಮೇಲೆ ನಾನೇ ಕಟ್ಟಿದ ಚೇಷ್ಟೆಯ ಮಾತು ಅದು, ಊರಲ್ಲಿ ಇನ್ನೂ ಓಡಾಡುತ್ತಿದೆ.

"ರಾಯಚೂರಿನವರು ವೀಳ್ಯ ಕಳಸಲಿಲ್ಲ. ಕರೀಲಾರದ ಕಣಕ್ಕ ಪೈಲ್ವಾನ ಹೆಂಗ ಹೋಗಬೇಕು? ಗಡಿಗೆಪ್ಪನಂಥಾಂವ ಈ ಜಿಲ್ಲಾದಾಗ ಇರಲಿಲ್ಲ," ಎಂದೆ.

ಮುಂದಿನ ಚೇಷ್ಟೆಗಾಗಿ ಎಲ್ಲರೂ ನನ್ನ ಮುಖ ನೋಡುತ್ತ ಕಾದರು. ನನ್ನ ಮಾತು ಅಷ್ಟೇ ಆಗಿತ್ತು. ಅದನ್ನೇ ಚೇಷ್ಟೆ ಎಂದುಕೊಂಡು ಬಿದ್ದುಬಿದ್ದು ನಕ್ಕರು.

ನಿನ್ನ ಪೀರಾ