ಹನ್ನೊಂದನೇ ಸಂದರ್ಶನ

ಕೆಂಪಾಜಕ್ಕ,

ನೀವು ತೀರಿಕೊಂಡು ಎಂಟು ತಿಂಗಳಾಯಿತು. ಇಂದು ನಂಜನಗೂಡಿನ ಕಾಲೇಜಿನಲ್ಲಿ ದುಡಿಮೆ ಮತ್ತು ದಣಿವಿನ ಬಗ್ಗೆ ನನ್ನ ಪಾಠವಿತ್ತು. ನನ್ನ ಸಂಶೋಧನೆಯ ಸಂದರ್ಶನಕ್ಕೆಂದು ಸೋಮನಾಥಪುರದಲ್ಲಿ ನೀವು ನನಗೆ ಹೇಳಿದ್ದನ್ನು ವಿದ್ಯಾರ್ಥಿಗಳಿಗೆ ಓದಿದೆ, ಹೆಮ್ಮೆಯಿಂದಲೇ ಓದಿದೆ. ನಿಯಮದಂತೆ ನಿಮ್ಮ ಹೆಸರು ತೆಗೆದು ‘ಹನ್ನೊಂದನೇ ಸಂದರ್ಶನ, ಆಶಾ ಕಾರ್ಯಕರ್ತೆ’ ಎಂದಷ್ಟೇ ಹೇಳಿದ್ದೆ.

“ಮನಿಕಂಡ್ರೆ ಎದ್ದೇಳೋದೇ ಬ್ಯಾಡ ಅನ್ಸ್ತದೆ ಕಣವ್ವ. ಆದ್ರೆ ಈ ಕೆಲ್ಸ ಬುಟ್ರೆ ನಾನ್ಯಾರು?”

ಎಲ್ಲರೂ ಬರೆದುಕೊಂಡರು. ಒಬ್ಬಳು ಮಾತ್ರ ಪೆನ್ನು ಕೆಳಗಿಟ್ಟಳು. ಅವಳು ನಿಮ್ಮ ಮಗಳು ಕೋಮಲ; ಈ ವರ್ಷ ನನ್ನ ತರಗತಿಗೇ ಸೇರಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಪಾಠ ಮುಗಿದ ಮೇಲೆ ಮೇಜಿನ ಬಳಿ ಬಂದಳು.

“ಅದು ನಮ್ಮವ್ವನ ಮಾತು, ಮೇಡಂ. ಅವ್ವ ಅಂಗಂದಾಗ ನೀವೇನಂದ್ರಿ?”

ನೆನಪಿಲ್ಲ ಎಂದೆ. ನಿಜಕ್ಕೂ ನೆನಪಿರಲಿಲ್ಲ. ಮನೆಗೆ ಬಂದು ರೆಕಾರ್ಡಿಂಗ್ ಹಾಕಿದೆ. ಹೊರಗೆ ಟ್ರ್ಯಾಕ್ಟರ್ ಹೋಗುವ ಸದ್ದಿನಲ್ಲಿ ನಿಮ್ಮ ಆ ಮಾತು ಅರ್ಧ ಮುಳುಗಿದೆ. ಆಮೇಲೆ ನನ್ನ ದನಿ: “ಅಕ್ಕಾ, ಸರಿಯಾಗಿ ರೆಕಾರ್ಡ್ ಆಗ್ಲಿಲ್ಲ. ಸ್ವಲ್ಪ ಮೊಬೈಲ್ ಹತ್ರ ಬಂದು ಇನ್ನೊಂದ್ಸಲ ಹೇಳ್ತೀರಾ?”

ನೀವು ಹತ್ತಿರ ಬಂದು ಹೇಳಿದಿರಿ. ನನಗೆ ಅನುಕೂಲವಾಗಲೆಂದು, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ.